ಮೀನು ಮನೆಗೆ ಬಂದಾಗ ಅಂಜಬೇಡಿ



ಒಂದು ರವಿವಾರ ಬಲಿಪೂಜೆ ಮುಗಿದ ಮೇಲೆ ಅಕ್ಕಲಕೋಟ ಕಡೆಯ ಒಬ್ಬ ತಾಯಿ ನಮ್ಮೊಂದಿಗೆ ಮಾತನಾಡುತ್ತ ನಿಂತಿದ್ದರು. "ನಮ್ಮ ಮನಿಯವರು ಕುರನೂರ ಧರಣದಿಂದ ಎರಡು ದೊಡ್ಡ ಮೀನ ತಂದಿದ್ರರಿ. ಮಾಡಾಕ ಯಾರಿಗೂ ಬರಂಗಿಲ್ಲ. ಬಾಜೂ ಮನಿಯವರಿಗೆ ಕೊಟ್ಟಬಿಟ್ಟೆ" ಎಂದರು. ಆ ತಾಯಿಯ ಕಿರಿಯ ಮಗಳಿಗೆ ಅಶಕ್ತತೆ. ಬೇಳೆ, ಮೊಟ್ಟೆ, ಮೀನು ತಿನ್ನಿಸಿರಿ ಎಂದು ಡಾಕ್ಟರರು ಅದೇ ತಿಂಗಳು ಹೇಳಿದ್ದರು. ಔಷಧಿಗೆ ದುಡ್ಡು ಹೊಂದಿಸುವ ಮನೆಯಿಂದ ಒಳ್ಳೆಯ ಆಹಾರ ಬಾಜೂ ಮನೆಗೆ ಹೋಯಿತು.

ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಾವು ಮೊದಲ ಸಲ ಮೀನು ತಂದಾಗ ಮಟನ್ ಬೇಯಿಸಿದ ಹಾಗೆ ಮುಕ್ಕಾಲು ತಾಸು ಕುದಿಸಿದೆವು. ನಡುನಡುವೆ ಸೌಟು ಹಾಕಿ ತಿರುವಿದೆವು. ಮುಚ್ಚಳ ತೆಗೆದು ನೋಡಿದರೆ ಮೀನು ಕರಗಿ ಸಾರಿನ ತುಂಬ ಮುಳ್ಳೇ ಮುಳ್ಳು! ಮಕ್ಕಳು ಬಾಯಿಗೆ ಹಾಕಲಿಲ್ಲ. ಮುಂದೆ ಎರಡು ವರ್ಷ ನಮ್ಮ ಮನೆಗೆ ಮೀನು ಬರಲಿಲ್ಲ. ಆದ್ದರಿಂದ ಈ ಸಲದ ಅಂಕಣದಲ್ಲಿ ಮೀನಿನ ಅಡುಗೆಯನ್ನು ಹೊಸಬರಿಗಾಗಿ ಮೊದಲಿನಿಂದ ಬರೆಯುತ್ತಿದ್ದೇವೆ.

ನಮ್ಮ ಭಾಗಕ್ಕೂ ಮೀನಿಗೂ ಏನು ಸಂಬಂಧ?

ನಮ್ಮದು ಮಳೆ ಕಡಿಮೆಯ ನಾಡು. ಜೋಳ, ತೊಗರಿ, ಶೇಂಗಾ ನಮ್ಮ ಆಹಾರ. ಸಮುದ್ರ ದೂರ. ಆದ್ದರಿಂದ ನಮ್ಮ ಅಜ್ಜಿಯರು ಮೀನಿನ ಅಡುಗೆ ಕಲಿಯಲಿಲ್ಲ, ನಮಗೆ ಕಲಿಸಲೂ ಇಲ್ಲ. ಆದರೆ ನೀರು ಕಟ್ಟಿದಲ್ಲೆಲ್ಲ ಮೀನು ಬಂದಿದೆ. ಸೊಲ್ಲಾಪುರದ ಹತ್ತಿರದ ಹಿಪ್ಪರಗಾ ಕೆರೆ, ಅಂದರೆ ಏಕರೂಖ ಕೆರೆ, 1871ರಲ್ಲಿ ಕಟ್ಟಿ ಮುಗಿಸಿದ್ದು. ಭೀಮಾ ನದಿಯ ಉಜನಿ ಧರಣ 1980ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನ ದಡದ ಭಿಗವಣ ಇಂದು ಮೀನಿನ ದೊಡ್ಡ ಪೇಟೆ. ಅಕ್ಕಲಕೋಟ ತಾಲೂಕಿನಲ್ಲಿ ಬೋರಿ ನದಿಗೆ ಕುರನೂರ ಧರಣವಿದೆ. ಕೆಲವು ರೈತರು ತಮ್ಮ ಹೊಲದ ಹೊಂಡದಲ್ಲಿಯೂ ಮೀನುಮರಿ ಬಿಡುತ್ತಿದ್ದಾರೆ.

ಇಂಥ ನೀರಿನಲ್ಲಿ ಹೆಚ್ಚಾಗಿ ಸಿಗುವವು ನಾಲ್ಕು ಜಾತಿ: ಕಟ್ಲಾ, ರೋಹು, ಮೃಗಾಲ್ ಮತ್ತು ಚಿಲಾಪಿ. ಕಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಒಂದೇ ಹೊಂಡದಲ್ಲಿ ಮೂರನ್ನೂ ಕೂಡಿಸಿ ಬೆಳೆಸುವುದು ಇದೇ ಕಾರಣಕ್ಕೆ.

ಹಸಿ ಮೀನಿನ 100 ಗ್ರಾಂ ತಿರುಳಿನಲ್ಲಿ ಸುಮಾರು 16ರಿಂದ 19 ಗ್ರಾಂ ಪ್ರೋಟೀನು ಇರುತ್ತದೆ. ಅದು ಸುಲಭವಾಗಿ ಜೀರ್ಣವಾಗುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಮೀನಿನಲ್ಲಿ ಅದು ಹೇರಳ. ಕಾಳುಕಡಿಯಲ್ಲಿ ಸಿಗದ ಬಿ-12 ಜೀವಸತ್ವವೂ ಮೀನಿನಲ್ಲಿದೆ. ಹೀಗಾಗಿ ಜೋಳದ ರೊಟ್ಟಿ ಮತ್ತು ಮೀನಿನ ಸಾರು ಒಂದಕ್ಕೊಂದು ಕೊರತೆ ತುಂಬುವ ಜೋಡಿ. ತಪಸ್ಸುಕಾಲದ ಶುಕ್ರವಾರಗಳಂದು ನಮಗೆ ಮಾಂಸ ವರ್ಜ್ಯ, ಮೀನಿಗೆ ತಡೆಯಿಲ್ಲ ಎಂಬುದು ತಮಗೆ ಗೊತ್ತೇ ಇದೆ.

ಮೀನಿನ ಅಡುಗೆ ಕೆಡುವುದು ಮೂರು ಕಡೆ: ಬಜಾರದಲ್ಲಿ, ತೊಳೆಯುವಲ್ಲಿ, ಒಲೆಯ ಮೇಲೆ. ಈ ಮೂರನ್ನು ತಿಳಿದುಕೊಂಡರೆ ಉಳಿದದ್ದು ಬದನೆಕಾಯಿ ಪಲ್ಯ ಮಾಡಿದಷ್ಟೇ ಸುಲಭ.

1. ಬಜಾರದಲ್ಲಿ

ಮೀನನ್ನು ಕೈಯಿಂದ ಮುಟ್ಟಿ ನೋಡಿ ಕೊಳ್ಳಿರಿ. ನಾಚಿಕೆ ಬೇಡ.

- ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಒಳಗೆ ಕುಸಿದು ಮಂಜಾಗಿದ್ದರೆ ಅದು ಹಳೆಯ ಮೀನು.
- ಕೆನ್ನೆಯ ಮುಚ್ಚಳ ಎತ್ತಿದರೆ ಕಿವಿರು ಕೆಂಪಗಿರಬೇಕು. ಕಂದು ಅಥವಾ ಬೂದು ಬಣ್ಣವಿದ್ದರೆ ಬೇಡ.
- ಬೆರಳಿನಿಂದ ಒತ್ತಿದ ಜಾಗ ಮತ್ತೆ ಮೇಲೇಳಬೇಕು. ಕುಣಿ ಬಿದ್ದು ಹಾಗೇ ಉಳಿದರೆ ಬೇಡ.
- ತಾಜಾ ಮೀನಿಗೆ ನೀರಿನ ವಾಸನೆ ಇರುತ್ತದೆ, ಕೊಳೆತ ವಾಸನೆ ಇರುವುದಿಲ್ಲ.

ಮೊದಲ ಸಲ ಒಂದು ಕಿಲೋ ತೂಕದ ಒಂದೇ ರೋಹು ತನ್ನಿರಿ. ಸಣ್ಣ ಮೀನಿನಲ್ಲಿ ಮುಳ್ಳು ಆರಿಸುವುದು ಹೊಸಬರಿಗೆ ಕಷ್ಟ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚಿಲಾಪಿ ಒಳ್ಳೆಯದು. ರೋಹು, ಕಟ್ಲಾಗಳಲ್ಲಿ ಇರುವಂಥ ಕವಲೊಡೆದ ಸಣ್ಣ ಮುಳ್ಳುಗಳು ಅದರ ಮಾಂಸದಲ್ಲಿ ಇರುವುದಿಲ್ಲ.

ಎಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೊಲ್ಲಾಪುರದಲ್ಲಿ ಮೀನು ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ತರುವಷ್ಟರಲ್ಲಿ ಅದು ಕೆಡಲು ಆರಂಭಿಸುತ್ತದೆ. ಮುಚ್ಚಳದ ಡಬ್ಬಿ ಒಯ್ದು, ಮೀನಿನಷ್ಟೇ ತೂಕದ ಬರ್ಫ ಹಾಕಿಸಿಕೊಳ್ಳಿರಿ. ಬೇರೆ ಎಲ್ಲ ಸಂತೆ ಮುಗಿಸಿ ಕೊನೆಗೆ ಮೀನು ಕೊಳ್ಳಿರಿ.

2. ತೊಳೆಯುವಲ್ಲಿ

ಮಾರುವವರೇ ಸ್ವಚ್ಛ ಮಾಡಿ ಕತ್ತರಿಸಿ ಕೊಡುತ್ತಾರೆ, ಕೇಳಿ ಮಾಡಿಸಿಕೊಳ್ಳಿರಿ. ಮನೆಯಲ್ಲಿ ಮಾಡುವುದಾದರೆ, ಬಾಲದ ಕಡೆಯಿಂದ ತಲೆಯ ಕಡೆಗೆ ಚಾಕುವಿನ ಬೆನ್ನಿನಿಂದ ಉಜ್ಜಿ ಮೈಮೇಲಿನ ಹುರುಪೆ ತೆಗೆಯಿರಿ. ಹೊಟ್ಟೆ ಸೀಳಿ ಕರುಳು, ಕಿವಿರು ತೆಗೆದುಬಿಡಿರಿ. ಕರುಳಿನ ನಡುವೆ ಹಸಿರು ಬಣ್ಣದ ಸಣ್ಣ ಚೀಲವಿರುತ್ತದೆ. ಅದೇ ಪಿತ್ತಕೋಶ. ಅದು ಒಡೆದರೆ ಮಾಂಸವೆಲ್ಲ ಕಹಿ. ಆದ್ದರಿಂದ ಸಾವಕಾಶವಾಗಿ ಇಡಿಯಾಗಿ ತೆಗೆಯಿರಿ. ಬೆನ್ನೆಲುಬಿಗೆ ಅಂಟಿದ ಕಪ್ಪು ರಕ್ತವನ್ನು ಬೆರಳಿನಿಂದ ಕೆರೆದು ತೊಳೆಯಿರಿ.

ಆ ಪಿತ್ತಕೋಶದ ಬಗ್ಗೆ ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ, ದಮ್ಮಿಗೆ ಔಷಧಿ ಎಂದು ಅದನ್ನು ಹಸಿಯಾಗಿ ನುಂಗುವವರಿದ್ದಾರೆ. ರೋಹುವಿನ ಪಿತ್ತಕೋಶ ನುಂಗಿ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದ ರೋಗಿಗಳ ಬಗ್ಗೆ ನಮ್ಮ ದೇಶದ ವೈದ್ಯರೇ ಬರೆದಿದ್ದಾರೆ. ಅದು ವಿಷ. ಯಾರು ಹೇಳಿದರೂ ನುಂಗಬೇಡಿರಿ.

ತುಂಡುಗಳಿಗೆ ಉಪ್ಪು, ಅರಿಶಿಣ, ಅರ್ಧ ಲಿಂಬೆಹಣ್ಣಿನ ರಸ ಹಚ್ಚಿ 15 ನಿಮಿಷ ಇಟ್ಟು, ಮತ್ತೊಮ್ಮೆ ತೊಳೆಯಿರಿ. ಕೆರೆಯ ಮೀನಿನ ಮಣ್ಣಿನ ವಾಸನೆ ಹುಳಿಗೆ ಬಹಳಷ್ಟು ಹೋಗುತ್ತದೆ. ಲಿಂಬೆಹಣ್ಣು ಇಲ್ಲದಿದ್ದರೆ ಹುಳಿ ಮಜ್ಜಿಗೆ ನಡೆಯುತ್ತದೆ.

3. ಒಲೆಯ ಮೇಲೆ

ಮೀನು ಮಟನ್ ಅಲ್ಲ. ಒಂದು ಇಂಚು ದಪ್ಪದ ತುಂಡು 8ರಿಂದ 10 ನಿಮಿಷಕ್ಕೆ ಬೇಯುತ್ತದೆ. ಗಾಜಿನಂತೆ ಕಾಣುವ ಮಾಂಸ ಬೆಳ್ಳಗಾಗಿ, ಚಮಚೆ ತಾಗಿಸಿದರೆ ಪದರಪದರಾಗಿ ಬಿಟ್ಟುಕೊಂಡರೆ ಬೆಂದಿದೆ ಎಂದು ತಿಳಿಯಿರಿ. ಕುಕ್ಕರ್ ಬೇಡವೇ ಬೇಡ.

ಮೀನಿನ ಹುಳಿಸಾರು (5 ಜನರಿಗೆ)

ಸಾಮಾನು: ಮೀನಿನ ತುಂಡು ಅರ್ಧ ಕಿಲೋ, ಉಳ್ಳಾಗಡ್ಡಿ 2, ಟೊಮ್ಯಾಟೊ 1, ಬಳ್ಳೊಳ್ಳಿ 8 ಎಸಳು, ಹಸಿಶುಂಠಿ ಒಂದು ಇಂಚು, ಒಣಕೊಬ್ಬರಿ ತುರಿ 2 ಚಮಚೆ, ಮನೆಯ ಮಸಾಲೆ ಖಾರ 2 ಚಮಚೆ, ಅರಿಶಿಣ ಅರ್ಧ ಚಮಚೆ, ಸಣ್ಣ ಲಿಂಬೆಹಣ್ಣಿನಷ್ಟು ಹುಣಸೆಹಣ್ಣು, ಎಣ್ಣೆ 3 ಚಮಚೆ, ರುಚಿಗೆ ಉಪ್ಪು, ಕೊತ್ತಂಬರಿ ಸೊಪ್ಪು.

ಮಾಡುವ ಕ್ರಮ: ಒಂದು ಉಳ್ಳಾಗಡ್ಡಿಯನ್ನು ಕೊಬ್ಬರಿಯೊಂದಿಗೆ ಕೆಂಪಗೆ ಹುರಿದು, ಬಳ್ಳೊಳ್ಳಿ, ಶುಂಠಿ ಸೇರಿಸಿ ನುಣ್ಣಗೆ ಅರೆಯಿರಿ. ಅಗಲ ಬಾಯಿಯ ಪಾತೇಲಿಯಲ್ಲಿ ಎಣ್ಣೆ ಕಾಯಿಸಿ, ಉಳಿದ ಉಳ್ಳಾಗಡ್ಡಿ ಮತ್ತು ಟೊಮ್ಯಾಟೊ ಹುರಿಯಿರಿ. ಅರೆದ ಮಸಾಲೆ, ಖಾರ, ಅರಿಶಿಣ ಹಾಕಿ ಎಣ್ಣೆ ಬಿಡುವವರೆಗೆ ಕೈಯಾಡಿಸಿರಿ. ಹುಣಸೆಹಣ್ಣಿನ ರಸ, ಎರಡು ದೊಡ್ಡ ಲೋಟ ನೀರು, ಉಪ್ಪು ಹಾಕಿ ಸಾರನ್ನು ಮೊದಲೇ 10 ನಿಮಿಷ ಚೆನ್ನಾಗಿ ಕುದಿಸಿರಿ. ಮಸಾಲೆ ಬೇಯಬೇಕಾದದ್ದು ಈಗಲೇ, ಮೀನು ಹಾಕಿದ ಮೇಲಲ್ಲ. ನಂತರ ತುಂಡುಗಳನ್ನು ಒಂದೊಂದಾಗಿ ಬಿಡಿರಿ. ಉರಿ ಸಣ್ಣದು ಮಾಡಿ ಮುಚ್ಚಿರಿ. ಇನ್ನು ಸೌಟು ಹಾಕಬೇಡಿರಿ. ಪಾತೇಲಿಯನ್ನು ಬಟ್ಟೆಯಿಂದ ಹಿಡಿದು ಮೆಲ್ಲಗೆ ಅಲುಗಾಡಿಸಿದರೆ ಸಾಕು. 10 ನಿಮಿಷಕ್ಕೆ ಇಳಿಸಿ ಕೊತ್ತಂಬರಿ ಹಾಕಿರಿ. ಅರ್ಧ ತಾಸು ಬಿಟ್ಟು ಉಂಡರೆ ಹುಳಿ ಖಾರ ಮೀನಿಗೆ ಹಿಡಿಯುತ್ತದೆ.

ಹಂಚಿನ ಮೇಲೆ ಹುರಿದ ಮೀನು

ಅರ್ಧ ಕಿಲೋ ತುಂಡುಗಳಿಗೆ ಎರಡು ಚಮಚೆ ಖಾರದ ಪುಡಿ, ಅರಿಶಿಣ, ಉಪ್ಪು, ಅರೆದ ಬಳ್ಳೊಳ್ಳಿ, ಲಿಂಬೆರಸ ಹಚ್ಚಿ ಅರ್ಧ ತಾಸು ಇಡಿರಿ. ಜೋಳದ ಹಿಟ್ಟು ಮತ್ತು ಸಣ್ಣ ರವೆಯನ್ನು ಸಮನಾಗಿ ಕೂಡಿಸಿ ಅದರಲ್ಲಿ ತುಂಡುಗಳನ್ನು ಹೊರಳಿಸಿರಿ. ಹಂಚು ಚೆನ್ನಾಗಿ ಕಾದ ಮೇಲೆ ಎಣ್ಣೆ ಬಿಟ್ಟು ತುಂಡುಗಳನ್ನಿಡಿರಿ. ಹೊಸಬರ ತಪ್ಪೆಂದರೆ ಅವಸರದಿಂದ ತಿರುವಿಹಾಕುವುದು. 4 ನಿಮಿಷ ಮುಟ್ಟಬೇಡಿರಿ. ತಳ ಗರಿಯಾದಾಗ ತುಂಡು ತಾನಾಗಿಯೇ ಹಂಚು ಬಿಡುತ್ತದೆ. ಆಗ ತಿರುವಿ ಮತ್ತೆ 4 ನಿಮಿಷ ಬೇಯಿಸಿರಿ.

ಹಸಿ ಮೀನು ಸಿಗದಾಗ ಸುಕಟ

ಸಂತೆಯಲ್ಲಿ ಸಿಗುವ ಒಣ ಸಿಗಡಿಗೆ ನಾವು ಸುಕಟ ಎನ್ನುತ್ತೇವೆ. ಒಂದು ಬಟ್ಟಲು ಸುಕಟವನ್ನು ಮಣ್ಣು ಕಡ್ಡಿ ಆರಿಸಿ, ಹಂಚಿನ ಮೇಲೆ ಬೆಚ್ಚಗೆ ಹುರಿದು, ನೀರಿನಲ್ಲಿ ಎರಡು ಸಲ ಬೇಗನೆ ತೊಳೆದು ಹಿಂಡಿರಿ. ಎಣ್ಣೆಯಲ್ಲಿ ಎರಡು ಉಳ್ಳಾಗಡ್ಡಿ, ಜಜ್ಜಿದ ಬಳ್ಳೊಳ್ಳಿ, ಒಂದು ಟೊಮ್ಯಾಟೊ, ಖಾರ ಹಾಕಿ ಹುರಿದು, ಸುಕಟ ಸೇರಿಸಿ 5 ನಿಮಿಷ ಮುಚ್ಚಿಡಿರಿ. ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಿರಿ. ಹೊಲಕ್ಕೆ ಬುತ್ತಿ ಕಟ್ಟಲು ರೊಟ್ಟಿಯೊಂದಿಗೆ ಇದು ಬಹಳ ಅನುಕೂಲ. ರಕ್ತದೊತ್ತಡ ಇರುವವರು ಒಣ ಮೀನನ್ನು ಮಿತವಾಗಿ ತಿನ್ನಲಿ.

ಕೆಲವು ಎಚ್ಚರಿಕೆಗಳು

1. ಮಕ್ಕಳಿಗೆ ರೋಹು ಬಡಿಸುವಾಗ ಹೊಟ್ಟೆಯ ಭಾಗದ ತುಂಡು ಕೊಡಿರಿ. ಅಲ್ಲಿ ಪಕ್ಕೆಲುಬಿನ ದೊಡ್ಡ ಮುಳ್ಳು ಮಾತ್ರ ಇರುವುದರಿಂದ ಆರಿಸುವುದು ಸುಲಭ. ಬಾಲದ ಕಡೆ ಸಣ್ಣ ಮುಳ್ಳು ಹೆಚ್ಚು. ಬೆಳಕಿನಲ್ಲಿ ಕುಳಿತು, ಬೆರಳಿನಿಂದ ಹಿಸುಕಿ ನೋಡಿ ತಿನ್ನಿಸಿರಿ. ಊಟದಲ್ಲಿ ಮಾತು, ನಗೆ, ಮೊಬೈಲು ಬೇಡ.

2. ಗಂಟಲಲ್ಲಿ ಮುಳ್ಳು ಚುಚ್ಚಿದರೆ ರೊಟ್ಟಿಯ ತುತ್ತು, ಬಾಳೆಹಣ್ಣು ನುಂಗಿಸುವುದು ನಮ್ಮಲ್ಲಿ ವಾಡಿಕೆ. ಅದರಿಂದ ಮುಳ್ಳು ಇನ್ನೂ ಒಳಗೆ ಇಳಿಯಬಹುದು. ಕೆಮ್ಮಿದರೂ ಬರದಿದ್ದರೆ ಡಾಕ್ಟರರ ಹತ್ತಿರ ಹೋಗಿರಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ಕ್ಷಣವೂ ತಡಮಾಡಬೇಡಿರಿ.

3. ಹೊಲಕ್ಕೆ ಔಷಧಿ ಹೊಡೆದ ನಂತರ ಹೊಂಡದಲ್ಲಿ ಸತ್ತು ತೇಲಿದ ಮೀನನ್ನು ಪುಕ್ಕಟೆ ಸಿಕ್ಕಿತೆಂದು ಬೇಯಿಸಬೇಡಿರಿ. ಕುದಿಸಿದರೆ ವಿಷ ಹೋಗುತ್ತದೆಂಬುದು ತಪ್ಪು ತಿಳುವಳಿಕೆ. ಅದನ್ನು ನಾಯಿ, ಕೋಳಿಗೂ ಹಾಕದೆ ಹೂಳಿರಿ.

4. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎನ್ನುವರು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಆದರೆ ಮೀನು ತಿಂದಾಗ ಮೈ ತುರಿಸಿ ದದ್ದು ಏಳುವವರು, ತುಟಿ ಬಾಯುವವರು ಇದ್ದಾರೆ. ಅಂಥವರು ಮೀನನ್ನು ಬಿಟ್ಟುಬಿಡಬೇಕು.

5. ಫ್ರಿಜ್ ಇಲ್ಲದ ಮನೆಯಲ್ಲಿ ತಂದ ದಿನವೇ ಮಾಡಿ ಅದೇ ದಿನ ಉಂಡು ಮುಗಿಸಿರಿ. ಫ್ರಿಜ್‌ನಲ್ಲಿಯೂ ಹಸಿ ಮೀನನ್ನು ಒಂದು ದಿನಕ್ಕಿಂತ ಹೆಚ್ಚು ಇಡದಿದ್ದರೆ ಒಳ್ಳೆಯದು.

6. ಕರುಳು, ಹುರುಪೆಗಳನ್ನು ಓಣಿಗೆ ಎಸೆಯಬೇಡಿರಿ. ತಿಪ್ಪೆಯಲ್ಲಿ ಇಲ್ಲವೆ ಗಿಡದ ಬುಡದಿಂದ ಸ್ವಲ್ಪ ದೂರ ಒಂದು ಮೊಳ ಆಳಕ್ಕೆ ಹೂಳಿದರೆ ಒಳ್ಳೆಯ ಗೊಬ್ಬರವಾಗುತ್ತದೆ.

ಪ್ರಿಯ ತಾಯಂದಿರೇ, ಮೊದಲ ಸಲ ಉಪ್ಪು ಹೆಚ್ಚಾದೀತು, ಒಂದೆರಡು ತುಂಡು ಮುರಿದಾವು. ಅಷ್ಟಕ್ಕೆ ಬೇಸರ ಬೇಡ. ನಮ್ಮ ಅಡುಗೆಯೂ ಮೂರನೆಯ ಸಲಕ್ಕೆ ಸರಿಹೋಯಿತು. ಅಡುಗೆ ತಾಯಂದಿರ ಕೆಲಸವೆಂದು ಗಂಡಸರು ದೂರ ನಿಲ್ಲುವುದೂ ಬೇಡ. ಮೀನು ಹಿಡಿದು ತಂದವರೇ ಹುರುಪೆ ತೆಗೆದುಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಅಕ್ಕಲಕೋಟದ ಆ ತಾಯಿಗೆ ಈ ಹುಳಿಸಾರಿನ ಕ್ರಮವನ್ನು ಅಂದೇ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೆವು. ತಿಂಗಳೊಪ್ಪತ್ತಿನ ನಂತರ ಭೇಟಿಯಾದಾಗ, "ಹುಡುಗಿ ಎರಡು ಸಲ ಸಾರು ಹಾಕಿಸ್ಕೊಂಡ್ಲರಿ" ಎಂದರು. ತಮ್ಮ ಮನೆಯಲ್ಲಿಯೂ ಹಾಗೆಯೇ ಆಗಲಿ.