ಒಂದೇ ಲೈನು, ಊರಿಗೆಲ್ಲ ಜಗಲಿ

ಇಂಟರ್ನೆಟ್ ಮನೆಮನೆಗೆ ಬರುವ ಮುನ್ನ ಕಂಪ್ಯೂಟರುಗಳು ಟೆಲಿಫೋನಿನಲ್ಲಿ ಒಂದನ್ನೊಂದು ಕರೆದು ಮಾತಾಡುತ್ತಿದ್ದವು. ಆ ಬುಲೆಟಿನ್ ಬೋರ್ಡುಗಳ (ಬಿಬಿಎಸ್) ಲೋಕಕ್ಕೆ ಕಾಲಿಡುವುದು ಹೇಗಿತ್ತು? ಈಗಲೂ ಕಾಲಿಡಬಹುದೆ?

1978ರ ಜನವರಿಯಲ್ಲಿ ಷಿಕಾಗೋ ನಗರ ಹಿಮಪಾತಕ್ಕೆ ಸಿಕ್ಕಿ ಸ್ತಬ್ಧವಾಯಿತು. ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತ ವಾರ್ಡ್ ಕ್ರಿಸ್ಟೆನ್‌ಸನ್ ಗೆಳೆಯ ರ್‍ಯಾಂಡಿ ಸ್ಯೂಸ್‌ಗೆ ಫೋನು ಮಾಡಿದರು. ಇಬ್ಬರೂ ಊರಿನ ಕಂಪ್ಯೂಟರ್ ಹವ್ಯಾಸಿಗಳ ಕ್ಲಬ್ಬಿನವರು. ಕ್ಲಬ್ಬಿನ ಗೋಡೆಯ ಮೇಲೆ ಚೀಟಿ ಚುಚ್ಚುವ ಒಂದು ಹಲಗೆಯಿತ್ತು. ಅದೇ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಿದರೆ ಹೇಗೆ ಎಂಬುದೇ ಮಾತು. ಸಾಫ್ಟ್‌ವೇರ್ ಕ್ರಿಸ್ಟೆನ್‌ಸನ್‌ರದು, ಹಾರ್ಡ್‌ವೇರ್ ಸ್ಯೂಸ್‌ರದು. ಫೆಬ್ರುವರಿ 16ರಂದು ಸಿಬಿಬಿಎಸ್ ಎಂಬ ಅವರ ಬೋರ್ಡು ಚಾಲೂ ಆಯಿತು. ಅದೇ ವರ್ಷ ನವೆಂಬರಿನ 'ಬೈಟ್' ಪತ್ರಿಕೆಯಲ್ಲಿ ಇಬ್ಬರೂ ಅದರ ಒಳಗುಟ್ಟನ್ನೆಲ್ಲ ಬರೆದರು. ಓದಿದವರು ತಮ್ಮ ತಮ್ಮ ಊರಲ್ಲಿ ಕಟ್ಟತೊಡಗಿದರು.

ಯಂತ್ರವನ್ನು ಸ್ಯೂಸ್ ಮನೆಯಲ್ಲಿ ಇಟ್ಟದ್ದಕ್ಕೂ ಕಾರಣವಿತ್ತು. ಅವರ ಮನೆ ನಗರದೊಳಗೆ, ಕ್ರಿಸ್ಟೆನ್‌ಸನ್ ಇದ್ದದ್ದು ಹೊರವಲಯದಲ್ಲಿ. ನಗರದ ನಂಬರಾದರೆ ಹೆಚ್ಚು ಜನರಿಗೆ ಕರೆ ಅಗ್ಗ. ಕರೆಯ ದರ ನೋಡಿ ಜಾಗ ಗೊತ್ತುಮಾಡುವ ಈ ಲೆಕ್ಕಾಚಾರ ಮುಂದಿನ ಹದಿನೈದು ವರ್ಷ ಬಿಬಿಎಸ್ ಲೋಕವನ್ನು ಆಳಿತು.

ಬೇಕಾದದ್ದು ನಾಲ್ಕೇ ವಸ್ತು

ಒಂದು ಕಂಪ್ಯೂಟರ್, ಒಂದು ಮೋಡೆಮ್, ಒಂದು ಟೆಲಿಫೋನ್ ಲೈನು, ಒಂದು ಟರ್ಮಿನಲ್ ಪ್ರೋಗ್ರಾಮು. ಡಾಸ್ ಕಾಲದಲ್ಲಿ ಪ್ರೋಕಾಮ್ ಮತ್ತು ಟೆಲಿಕ್ಸ್ ಹೆಸರಾದ ಪ್ರೋಗ್ರಾಮುಗಳು. ಟೆಲಿಫೋನ್ ತಂತಿ ಮನುಷ್ಯರ ಧ್ವನಿಗಾಗಿ ಹಾಕಿದ್ದು. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಅದು ಒಯ್ಯುತ್ತದೆ. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಆ ಮಿತಿಯೊಳಗಿನ ಸದ್ದಾಗಿ ಮಾಡಿ ಕಳಿಸುವುದು, ಆಚೆ ಕಡೆಯಿಂದ ಬಂದ ಸದ್ದನ್ನು ಮತ್ತೆ ಸೊನ್ನೆ-ಒಂದಾಗಿ ಬಿಡಿಸುವುದು ಮೋಡೆಮಿನ ಕೆಲಸ.

1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಹೊಸಬರ ದಾರಿಯನ್ನು ಸಲೀಸು ಮಾಡಿತು. ಕೀಲಿಮಣೆಯಿಂದ ಎಟಿಡಿಟಿ ಎಂದು ಬರೆದು ಮುಂದೆ ನಂಬರು ಕೊಟ್ಟರೆ ಮೋಡೆಮ್ ತಾನೇ ಡಯಲ್ ಮಾಡುತ್ತಿತ್ತು. ಎಕ್ಸ್‌ಚೇಂಜ್ ಹಳೆಯ ಕಾಲದ ಪಲ್ಸ್ ಡಯಲಿನದಾದರೆ ಎಟಿಡಿಪಿ. ಕರೆ ಕಡಿಯಬೇಕೆ? ಒಂದು ಸೆಕೆಂಡು ಸುಮ್ಮನಿದ್ದು, ಮೂರು ಪ್ಲಸ್ ಚಿಹ್ನೆ ಒತ್ತಿ, ಮತ್ತೊಂದು ಸೆಕೆಂಡು ತಡೆದು, ಎಟಿಎಚ್ ಎನ್ನಬೇಕು. ಉಳಿದ ಕಂಪನಿಗಳೂ ಇದೇ ಆಜ್ಞೆಗಳನ್ನು ಅಳವಡಿಸಿಕೊಂಡವು. ಹಾಗಾಗಿ ಒಂದು ಮೋಡೆಮ್ ಕಲಿತವರಿಗೆ ಎಲ್ಲವೂ ಬರುತ್ತಿತ್ತು.

ಹೊಸಬರು ಎಡವುತ್ತಿದ್ದದ್ದು ಸೆಟ್ಟಿಂಗ್‌ನಲ್ಲಿ. ಎಂಟು ಡೇಟಾ ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್: ಬಹುಪಾಲು ಬೋರ್ಡುಗಳ ಏರ್ಪಾಡು ಇದು. ಇದರಲ್ಲಿ ತಪ್ಪಿದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು.

ಮೊದಲ ಕರೆ

ಡಯಲಾದ ಮೇಲೆ ಆಚೆಯ ಮೋಡೆಮ್ ಫೋನೆತ್ತಿ ಕೀರಲು ಸದ್ದು ಹೊರಡಿಸುತ್ತದೆ. ಎರಡೂ ಯಂತ್ರಗಳು ತಮಗೆ ಹೊಂದುವ ವೇಗವನ್ನು ಕುದುರಿಸಿಕೊಂಡ ಮೇಲೆ ಸ್ವಾಗತದ ಪರದೆ ಮೂಡುತ್ತದೆ. ಹೆಸರು ಹೇಳಿ, ಊರು ಹೇಳಿ, ಗುಪ್ತಪದ ಆರಿಸಿ ಎಂಬ ಪ್ರಶ್ನೆಗಳು. ಕೆಲವು ಕಡೆ ನಿಮ್ಮ ಫೋನ್ ನಂಬರನ್ನೂ ಕೇಳಿ, ಬೋರ್ಡಿನ ಯಜಮಾನರೇ ವಾಪಸು ಕರೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಈ ಯಜಮಾನರಿಗೆ ಸಿಸಾಪ್ ಎಂದು ಹೆಸರು. ಒಳಗೆ ಮೆನು: ಸಂದೇಶಗಳಿಗೊಂದು ಅಕ್ಷರ, ಕಡತಗಳಿಗೊಂದು, ಆಟಗಳಿಗೊಂದು, ಹೊರಡಲು ಇನ್ನೊಂದು.

ವೇಗದ ಲೆಕ್ಕ ಕೇಳಿದರೆ ಈಗಿನವರಿಗೆ ನಗು ಬಂದೀತು. ಒಂದು ಅಕ್ಷರ ಸಾಗಿಸಲು ಹತ್ತು ಬಿಟ್ ಬೇಕು. ಸೆಕೆಂಡಿಗೆ 300 ಬಿಟ್ ವೇಗದ ಮೋಡೆಮಿನಲ್ಲಿ ಸೆಕೆಂಡಿಗೆ 30 ಅಕ್ಷರ. ಎಂಬತ್ತು ಅಕ್ಷರಗಳ ಇಪ್ಪತ್ತೈದು ಸಾಲಿನ ಒಂದು ಪರದೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು. 2,400ರ ಮೋಡೆಮಿನಲ್ಲಿ ಒಂದು ಫ್ಲಾಪಿಯಷ್ಟು, ಅಂದರೆ 1.44 ಎಂಬಿ ಕಡತ ಇಳಿಸಲು ಒಂದೂಮುಕ್ಕಾಲು ಗಂಟೆಯ ಹತ್ತಿರ. ನಡುವೆ ಲೈನು ಕಡಿದರೆ ಎಲ್ಲ ಮೊದಲಿನಿಂದ. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ರೂಪಿಸಿದ ಝೆಡ್‌ಮೋಡೆಮ್ ವಿಧಾನ, ನಿಂತಲ್ಲಿಂದಲೇ ಮುಂದುವರಿಸುವ ಅನುಕೂಲ ಕೊಟ್ಟಿತು. ಜನ ಅದನ್ನು ಯಾಕೆ ಅಷ್ಟು ಕೊಂಡಾಡಿದರು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಮನೆಯ ಕಟ್ಟಳೆ

ಸಣ್ಣ ಬೋರ್ಡಿಗೆ ಒಂದೇ ಲೈನು. ಒಬ್ಬರು ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್ ಟೋನು. ಬಿಬಿಎಸ್‌ನ ರೀತಿ-ನೀತಿಗಳೆಲ್ಲ ಈ ಒಂದು ಕೊರತೆಯಿಂದ ಹುಟ್ಟಿದವು. ದಿನಕ್ಕೆ ಇಷ್ಟು ನಿಮಿಷ ಎಂಬ ಮಿತಿ. ಬರೀ ಇಳಿಸಿಕೊಂಡು ಹೋಗುವ ಹಾಗಿಲ್ಲ, ಇಷ್ಟಕ್ಕೆ ಇಷ್ಟು ಕಡತ ಕೊಟ್ಟೂ ಹೋಗಬೇಕು. ಬೈಗುಳ ಬರೆದವನ ಖಾತೆ ರದ್ದು. ಅದಕ್ಕೆ ಮೇಲ್ಮನವಿಯೂ ಇಲ್ಲ, ಏಕೆಂದರೆ ಯಂತ್ರ ಕೂತಿರುವುದು ಸಿಸಾಪ್‌ನ ಮನೆಯಲ್ಲಿ, ಕರೆಂಟು ಬಿಲ್ಲು ಅವನದು. ಊರವರೆಲ್ಲ ಬಂದು ಕೂರುವ ಜಗಲಿಯಾದರೂ ಮನೆಗೆ ಯಜಮಾನ ಒಬ್ಬನಿದ್ದಾನೆ ಎಂಬ ಎಚ್ಚರ ಬಂದವರಿಗಿತ್ತು.

ಅಮೆರಿಕದ ಬಹಳಷ್ಟು ಊರುಗಳಲ್ಲಿ ಸ್ಥಳೀಯ ಕರೆಗೆ ತಿಂಗಳ ಬಾಡಿಗೆ ಬಿಟ್ಟರೆ ಬೇರೆ ಖರ್ಚಿರಲಿಲ್ಲ. ದೂರದ ಕರೆಗೆ ಮಾತ್ರ ನಿಮಿಷದ ಲೆಕ್ಕ. ಹಾಗಾಗಿ ಬೋರ್ಡಿನಲ್ಲಿ ಸೇರುತ್ತಿದ್ದವರು ಬಹುತೇಕ ಒಂದೇ ಊರಿನವರು. ಇವತ್ತು ಜಗಳವಾಡಿದವನು ನಾಳೆ ಪಿಜ್ಜಾ ಅಂಗಡಿಯಲ್ಲಿ ಎದುರು ಕೂರಬಹುದು. ಮಾತಿಗೆ ಲಗಾಮು ಹಾಕಲು ಅಷ್ಟು ಸಾಕಾಗಿತ್ತು.

ರಾತ್ರಿಯ ಅಂಚೆ

ಊರಾಚೆಗೆ ಮಾತು ದಾಟಿಸುವ ಉಪಾಯವನ್ನು 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನಿಂಗ್ಸ್ ಹೂಡಿದರು. ಅದರ ಹೆಸರು ಫೈಡೋನೆಟ್. ಹಗಲೆಲ್ಲ ಸಂದೇಶ ಕೂಡಿಟ್ಟು, ದರ ಇಳಿಯುವ ರಾತ್ರಿ ಹೊತ್ತಿಗೆ ಒಂದು ಬೋರ್ಡು ಇನ್ನೊಂದಕ್ಕೆ ತಾನೇ ಕರೆ ಮಾಡಿ ಮೂಟೆ ದಾಟಿಸುತ್ತಿತ್ತು. ಪ್ರತಿ ಬೋರ್ಡಿಗೂ ವಲಯ, ಜಾಲ, ನೋಡ್ ಎಂಬ ಮೂರು ಸಂಖ್ಯೆಗಳ ವಿಳಾಸ. ಏಷ್ಯಾ ಆಗ ಆರನೆಯ ವಲಯವಾಗಿತ್ತು, ಭಾರತದ ಬೋರ್ಡುಗಳೂ ಅಲ್ಲೇ ಇದ್ದವು. ಉತ್ತರ ಬರಲು ದಿನಗಳೇ ಹಿಡಿಯುತ್ತಿದ್ದವು. ಹಾಗಾಗಿ ಬರೆಯುವವರು ಒಂದೇ ಸಾಲು ಗೀಚದೆ ಪತ್ರ ಬರೆದಂತೆ ಬರೆಯುತ್ತಿದ್ದರು.

ಬೆಂಗಳೂರಿನ ಬೋರ್ಡು

ವಿಎಸ್‌ಎನ್‌ಎಲ್ ಎಂಬ ಆಗಿನ ಸರ್ಕಾರಿ ಕಂಪನಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲೇ ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ಸಿಐಎಕ್ಸ್ ಎಂಬ ಬಿಬಿಎಸ್ ನಡೆಸುತ್ತಿದ್ದರು. ಮನೆಗೆ ಫೋನು ಬರಲು ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಇದ್ದ ಒಂದು ಫೋನನ್ನು ಮೋಡೆಮಿಗೆ ಕಟ್ಟಿದರೆ ಮನೆಮಂದಿಯ ಸಿಟ್ಟು ಬೇರೆ. ನಮ್ಮಲ್ಲಿ ಸ್ಥಳೀಯ ಕರೆಗೂ ಮೀಟರು ಓಡುತ್ತಿದ್ದರಿಂದ ಹೆಚ್ಚು ಹೊತ್ತು ಕೂರುವುದೆಂದರೆ ಬಿಲ್ಲು ಬೆಳೆಸುವುದು. ಕನ್ನಡಕ್ಕಂತೂ ಪರದೆಯಲ್ಲಿ ಎಡೆಯಿರಲಿಲ್ಲ. ಪಿಸಿಯ 256 ಚಿಹ್ನೆಗಳಲ್ಲಿ ಪೆಟ್ಟಿಗೆ ಗೆರೆಗಳಿದ್ದವು, ಗ್ರೀಕಿನ ಕೆಲವು ಅಕ್ಷರಗಳಿದ್ದವು, 'ಅ' ಇರಲಿಲ್ಲ.

ಇದರ ಮೇಲೆ ಸರ್ಕಾರದ ಬರೆ. ತೊಂಬತ್ತರ ದಶಕದ ನಡುವೆ ದೂರಸಂಪರ್ಕ ಇಲಾಖೆ ಬಿಬಿಎಸ್ ನಡೆಸುವವರಿಗೂ 15 ಲಕ್ಷ ರೂಪಾಯಿಗಳ ಪರವಾನಗಿ ಶುಲ್ಕ ನಿಗದಿ ಮಾಡಿತು. ಕೋಣೆಯಲ್ಲೊಂದು ಪಿಸಿ ಇಟ್ಟುಕೊಂಡ ಹವ್ಯಾಸಿಗೆ ಅದು ಬಾಗಿಲು ಮುಚ್ಚು ಎಂದಂತೆ. ಅದರ ವಿರುದ್ಧ ದನಿಯೆತ್ತಿದವರೂ ಇದ್ದರು. ಅಷ್ಟರಲ್ಲಿ ಇಂಟರ್ನೆಟ್ ಬಂದು ಪ್ರಶ್ನೆಯನ್ನೇ ಹಿಂದೆ ಹಾಕಿತು. ಬೋರ್ಡಿನಲ್ಲಿ ಪಳಗಿದ ಚಿಟ್ನಿಸ್ ಮುಂದೆ 1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಹಂಚಿಸಿದರು. ಬೆಂಗಳೂರಿನ ಮುಕ್ತ ತಂತ್ರಾಂಶ ಸಮ್ಮೇಳನಗಳಿಗೆ ಬೆನ್ನೆಲುಬಾಗಿ, 2013ರಲ್ಲಿ ತೀರಿಕೊಂಡರು.

ಇವತ್ತು ಶುರು ಮಾಡುವುದಾದರೆ

• ಸಿಂಕ್‌ಟರ್ಮ್ ಎಂಬ ಉಚಿತ ಪ್ರೋಗ್ರಾಮು ಹಾಕಿಕೊಳ್ಳಿ. ಈಗ ಬಹುತೇಕ ಬೋರ್ಡುಗಳು ಟೆಲಿಫೋನು ಬಿಟ್ಟು ಇಂಟರ್ನೆಟ್ ಮೇಲಿನ ಟೆಲ್‌ನೆಟ್‌ಗೆ ಬಂದಿವೆ.

• ಟೆಲ್‌ನೆಟ್ ಯಾವುದನ್ನೂ ಗುಟ್ಟಾಗಿ ಒಯ್ಯುವುದಿಲ್ಲ. ಬ್ಯಾಂಕಿನದೋ ಇಮೇಲಿನದೋ ಗುಪ್ತಪದವನ್ನು ಇಲ್ಲಿ ಮರೆತೂ ಬಳಸಬೇಡಿ. ಎಸ್‌ಎಸ್‌ಎಚ್ ಎಂಬ ಗುಟ್ಟು ಕಾಯುವ ಸೌಲಭ್ಯವಿದ್ದರೆ ಅದೇ ಲೇಸು.

• ಮೊದಲ ದಿನ ಓದಿ. ಎರಡನೆಯ ಭೇಟಿಗೆ ಪರಿಚಯ ಬರೆಯಿರಿ. ಹೊರಡುವಾಗ ಕಿಟಕಿ ಮುಚ್ಚಿ ಓಡಬೇಡಿ, ಮೆನುವಿನ ವಿದಾಯದ ಅಕ್ಷರ ಒತ್ತಿ.

• ಹಳೆಯ ಕಮೊಡೋರ್ 64 ಇದ್ದರೆ ವೈಫೈ ಮೋಡೆಮ್ ಸಿಗುತ್ತದೆ. ಎಟಿಡಿಟಿ ಎಂದರೆ ಅದು ವೈಫೈ ಮೂಲಕ ಬೋರ್ಡನ್ನು ಮುಟ್ಟುತ್ತದೆ.

• ನಿಜವಾದ ಮೋಡೆಮಿನ ಆಸೆಯಿದ್ದರೆ ತಾಮ್ರದ ಲೈನು ಹುಡುಕಿ. ಇಂಟರ್ನೆಟ್ ಮೇಲೆ ಸಾಗುವ ಫೋನುಗಳು ಧ್ವನಿಯನ್ನು ಹಿಂಡಿ ಕಳಿಸುವುದರಿಂದ ಮೋಡೆಮಿನ ಸದ್ದು ಕೆಡುತ್ತದೆ.

• ನಿಮ್ಮದೇ ಬೋರ್ಡು ಬೇಕೆ? ಸಿಂಕ್ರೊನೆಟ್, ಮಿಸ್ಟಿಕ್ ಎಂಬ ಉಚಿತ ತಂತ್ರಾಂಶಗಳಿವೆ. ಹಳೆಯ ಪಿಸಿಯೊಂದು ಸಾಕು.

ಮಿತಿಯೇ ಬಂಡವಾಳ

ಹಳೆಯ ಸದ್ದಿನ ಮೋಹಕ್ಕೆ ಇದನ್ನೆಲ್ಲ ಮಾಡುವವರಿದ್ದಾರೆ, ತಪ್ಪೇನಿಲ್ಲ. ಆದರೆ ಬಿಬಿಎಸ್‌ನಿಂದ ಕಲಿಯಬೇಕಾದ ಪಾಠ ಮೋಡೆಮಿನೊಳಗಿಲ್ಲ. ಒಂದೇ ಲೈನು, ಗೊತ್ತಿರುವ ಯಜಮಾನ, ಬಾಗಿಲಲ್ಲೇ ಓದಿಸುವ ನಿಯಮ, ಕೊಟ್ಟು ಪಡೆಯುವ ಲೆಕ್ಕ: ಇವಿಷ್ಟೂ ಸೇರಿ ಅಪರಿಚಿತರನ್ನು ನೆರೆಯವರನ್ನಾಗಿ ಮಾಡಿದ್ದವು. ಆಗ ಆ ಮಿತಿಯನ್ನು ತಂತಿಯೇ ಹಾಕುತ್ತಿತ್ತು. ಈಗ ತಂತಿಗೆ ಮಿತಿಯಿಲ್ಲ, ಆದ್ದರಿಂದ ನಾವೇ ಹಾಕಿಕೊಳ್ಳಬೇಕು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿರಲಿ, ಓದುಗರ ಕೂಟವಿರಲಿ, ಶುರು ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ಜನ ಸಾಕು? ಹೊಣೆ ಯಾರದು? ಬಂದವರು ಏನು ಕೊಡಬೇಕು? ಸದಸ್ಯರನ್ನು ಸೇರಿಸುವ ಕೆಲಸ ಉತ್ತರ ಸಿಕ್ಕ ಮೇಲೆ.