ಕುಣಿಕೆ ನೋಡದೆ ಹೆಸರಿಡಬೇಡಿ

ಕಪ್ಪೆಚಿಪ್ಪಿನ ಒಂದು ಹೋಳನ್ನು ಅಂಗೈಮೇಲಿಟ್ಟು, ಮೂತಿಯಿಂದ ಅಂಚಿನವರೆಗೆ ನಟ್ಟನಡುವೆ ಗೆರೆ ಎಳೆಯಿರಿ. ಎಡಬಲ ಸಾಮಾನ್ಯವಾಗಿ ಹೊಂದುವುದಿಲ್ಲ, ಹೋಳು ಒಂದು ಪಕ್ಕಕ್ಕೆ ವಾಲಿರುತ್ತದೆ. ಬ್ರಾಕಿಯೊಪಾಡ್‌ ಎಂಬ ಕಡಲಜೀವಿಯದಾದರೆ ಎಡಬಲ ಒಂದೇ ಅಚ್ಚು. ಆದರೆ ಅದರ ಎರಡು ಹೋಳುಗಳೇ ಒಂದರಂತೆ ಇನ್ನೊಂದಿಲ್ಲ. ಸಾಮಾನ್ಯವಾಗಿ ಒಂದು ದೊಡ್ಡದು, ಅದರ ಕೊಕ್ಕಿನಲ್ಲೊಂದು ತೂತು. ಅಲ್ಲಿಂದ ಹೊರಟ ತೊಟ್ಟು ಬಂಡೆಗೆ ಕಚ್ಚಿಕೊಂಡಿರುತ್ತದೆ. ರೋಮನ್ನರ ಎಣ್ಣೆದೀಪದಂತಿದೆ ಎಂದು ಇಂಗ್ಲಿಷರು ಇದನ್ನು ದೀಪಚಿಪ್ಪು ಎಂದರು. ನಮ್ಮವರಾದರೆ ಮುಚ್ಚಳವಿರುವ ಹಣತೆ ಎನ್ನುತ್ತಿದ್ದರೇನೋ.

ಈ ಹೊರಮೈ ಬಲ್ಲವರನ್ನೂ ಏಮಾರಿಸಿತು. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಇವನ್ನು ಕಪ್ಪೆಚಿಪ್ಪಿನಂಥ ಮೃದ್ವಂಗಿಗಳ ಸಾಲಿನಲ್ಲೇ ಕೂರಿಸಿದ್ದರು. ಅಲ್ಲ, ಇವು ಎರೆಹುಳುವಿನ ಕಡೆಯ ನೆಂಟರು ಎಂದು ಹಟ ಹಿಡಿದವರು ಅಮೆರಿಕದ ಎಡ್ವರ್ಡ್ ಮೋರ್ಸ್. ಬ್ರಾಕಿಯೊಪಾಡ್‌ಗಳಿಗಾಗಿಯೇ ಅವರು 1877ರಲ್ಲಿ ಜಪಾನಿಗೆ ಹೋಗಿ, ಎನೊಶಿಮಾದ ಬೆಸ್ತರ ಗುಡಿಸಲೊಂದರಲ್ಲಿ ಪ್ರಯೋಗಶಾಲೆ ಹೂಡಿದರು. (ಒಮೊರಿಯಲ್ಲಿ ಪ್ರಾಚೀನರು ತಿಂದೆಸೆದ ಚಿಪ್ಪುಗಳ ದಿಬ್ಬವನ್ನು ರೈಲಿನಿಂದಲೇ ಗುರುತಿಸಿದ್ದೂ ಅದೇ ವರ್ಷ. ಆ ಕಣ್ಣಿಗೆ ಬೇರೇನು ಕಂಡೀತು!) ಇಂದಿನ ಡಿಎನ್‌ಎ ಲೆಕ್ಕದಲ್ಲಿ ಹುಳುವೂ ಮೃದ್ವಂಗಿಯೂ ಇವಕ್ಕೆ ದಾಯಾದಿಗಳೇ, ಮನೆ ಮಾತ್ರ ಬೇರೆ.

ಪಳೆಯುಳಿಕೆಯಾಗಿ ಸಿಕ್ಕ ಪ್ರಭೇದಗಳು 12,000ಕ್ಕೂ ಹೆಚ್ಚು. ಜೀವಂತ ಇರುವವು ಸುಮಾರು 400. ಈ ಪಟ್ಟಿಗೆ ಹೊಸದೊಂದನ್ನು ಸೇರಿಸಬೇಕಾದರೆ ಚಿಪ್ಪಿನ ಒಳಗೆ ಇಣುಕಲೇಬೇಕು. ಬಟ್ಟೆಯ ಕಲೆ ತೆಗೆಯುವಂಥ ಬ್ಲೀಚಿನಲ್ಲಿ ಮಾದರಿಯನ್ನು ನೆನೆಹಾಕುತ್ತಾರೆ. ಮಾಂಸ ನಿಧಾನವಾಗಿ ಕರಗಿಹೋಗುತ್ತದೆ. ಟೆರೆಬ್ರಾಟುಲಿಡ್ ಗುಂಪಿನದಾದರೆ, ಚಿಕ್ಕ ಹೋಳಿಗೆ ಅಂಟಿಕೊಂಡು ದಾರದಷ್ಟು ತೆಳ್ಳಗಿನ ಸುಣ್ಣದ ಕುಣಿಕೆಯೊಂದು ಉಳಿಯುತ್ತದೆ. ನೀರಿನಿಂದ ಆಹಾರ ಸೋಸುವ ರೋಮದ ತೋಳುಗಳಿಗೆ ಬದುಕಿದ್ದಾಗ ಅದೇ ಆಸರೆ. ಚಿಮಟ ತಾಗಿದರೆ ಮುರಿಯಿತು; ಅದರೊಂದಿಗೆ ಗುರುತೂ ಹೋಯಿತು.

ಕುಣಿಕೆ ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. ಹಲವು ಕುಲಗಳಲ್ಲಿ ಅದು ವಯಸ್ಸಿನ ಜೊತೆ ಒಂದೆಡೆ ಕರಗಿ, ಇನ್ನೊಂದೆಡೆ ಬೆಳೆದು, ಬೇರೆಯದೇ ಆಕಾರಕ್ಕೆ ತಿರುಗುತ್ತದೆ. ಮರಿಗೊಂದು ಹೆಸರು, ಬಲಿತದ್ದಕ್ಕೆ ಇನ್ನೊಂದು ಹೆಸರು ಕೊಟ್ಟು ಆಮೇಲೆ ನಾಲಿಗೆ ಕಚ್ಚಿಕೊಂಡವರಿದ್ದಾರೆ. ಆದ್ದರಿಂದ ಒಂದೇ ಚಿಪ್ಪು ಹಿಡಿದುಕೊಂಡು ಹೊಸ ಪ್ರಭೇದ ಎನ್ನುವವರನ್ನು ಕಂಡರೆ ನನಗೆ ಅನುಮಾನ. ಎಳೆಯದರಿಂದ ಮುದಿಯದರವರೆಗೆ ಸಾಲಾಗಿ ಜೋಡಿಸಿ ತೋರಿಸಲಿ.

ಹೊಸದಕ್ಕಾಗಿ ಪಾತಾಳಕ್ಕೇ ಇಳಿಯಬೇಕೆಂದೇನಿಲ್ಲ. ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರಿಗೆ ಎಟಕುವ ಗುಹೆಗಳಲ್ಲೇ ಒಂದು ಸಿಕ್ಕಿತು. ಅಲನ್ ಲೋಗನ್ 1988ರಲ್ಲಿ ಅದಕ್ಕೆ ಪಜಾಡಿನಾ ಅಟ್ಲಾಂಟಿಕಾ ಎಂದು ಹೆಸರಿಟ್ಟರು. ಪ್ರಭೇದವಷ್ಟೇ ಅಲ್ಲ, ಕುಲವೇ ಹೊಸದು. ಅದಕ್ಕೆ ತೊಟ್ಟಿಲ್ಲ, ಗಾರೆ ಮೆತ್ತಿದಂತೆ ದೊಡ್ಡ ಹೋಳೇ ಬಂಡೆಗೆ ಅಂಟಿಕೊಂಡಿರುತ್ತದೆ. ಕುಣಿಕೆ ಹುಡುಕಿದರೆ ಅದೂ ಇಲ್ಲ. ಚಿಕ್ಕ ಹೋಳಿನ ಒಳಮೈಯಲ್ಲಿ ಸುಣ್ಣದ ಏಣುಗಳು, ಅವುಗಳ ನಡುವೆ ತೋಡು. ರೋಮದ ತೋಳು ಆ ತೋಡಿನಲ್ಲೇ ಕೂತಿರುತ್ತದೆ.