ಮೂಳೆ ಬಲಪಡಿಸುವ ಚುಚ್ಚುಮದ್ದು: ದಿನಾಂಕ ತಪ್ಪಿದರೆ ಅಪಾಯ

ಮೂಳೆ ಸವೆತದ ಚಿಕಿತ್ಸೆಗೆ ಬಳಸುವ ಡೆನೊಸುಮ್ಯಾಬ್ ಚುಚ್ಚುಮದ್ದಿನ ಪೂರೈಕೆ ತಡವಾದರೆ, ಅದರ ಪರಿಣಾಮ ವರ್ತಕರ ಲೆಕ್ಕಪುಸ್ತಕವನ್ನು ದಾಟಿ ರೋಗಿಯ ಬೆನ್ನುಮೂಳೆಯನ್ನು ಮುಟ್ಟುತ್ತದೆ. ಆದ್ದರಿಂದ ಔಷಧ ವ್ಯಾಪಾರಿಗಳು ಇದರ ಗುಣದೋಷಗಳನ್ನು ಅರಿತಿರುವುದು ಅಗತ್ಯ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲಿ ಅನುಮೋದಿಸಿದ ಈ ಮದ್ದು, ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ತಡೆಯುತ್ತದೆ. ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಪ್ರಮಾಣವನ್ನು ಚರ್ಮದಡಿ ನೀಡಲಾಗುತ್ತದೆ. 2009ರಲ್ಲಿ ಪ್ರಕಟವಾದ, 7,868 ಮಹಿಳೆಯರು ಭಾಗವಹಿಸಿದ್ದ ಅಧ್ಯಯನದಲ್ಲಿ, ಮೂರು ವರ್ಷಗಳ ಅವಧಿಯ ಹೊಸ ಬೆನ್ನೆಲುಬು ಮುರಿತಗಳು ಶೇ. 7.2ರಿಂದ ಶೇ. 2.3ಕ್ಕೆ ಇಳಿದವು. ಪ್ರಯೋಜನ ನಿರ್ವಿವಾದ.

ನಿಲ್ಲಿಸಿದಾಗಿನ ತೊಡಕು

ಜೊಲೆಡ್ರೋನಿಕ್ ಆಮ್ಲದಂತಹ ಔಷಧಗಳು ಮೂಳೆಯಲ್ಲಿ ದೀರ್ಘಕಾಲ ಉಳಿಯುತ್ತವೆ, ಡೆನೊಸುಮ್ಯಾಬ್ ಉಳಿಯುವುದಿಲ್ಲ. ಅದನ್ನು ನಿಲ್ಲಿಸಿದೊಡನೆ ತಡೆಹಿಡಿದಿದ್ದ ಸವೆತ ಮೊದಲಿಗಿಂತ ವೇಗವಾಗಿ ಮರಳುತ್ತದೆ. ಕೊನೆಯ ಚುಚ್ಚುಮದ್ದಿನ ಏಳು ತಿಂಗಳಲ್ಲೇ ಬೆನ್ನೆಲುಬು ಮುರಿದ, ಕೆಲವರಲ್ಲಿ ಹಲವು ಕಶೇರುಗಳು ಒಟ್ಟಿಗೆ ಕುಸಿದ ಪ್ರಕರಣಗಳಿವೆ. ನಿಲ್ಲಿಸಲೇಬೇಕಾದಲ್ಲಿ ವೈದ್ಯರು ಬದಲಿ ಔಷಧವನ್ನು ಯೋಜಿಸುತ್ತಾರೆ.

ಕ್ಯಾಲ್ಸಿಯಂ ಕುಸಿತ

ಮೂತ್ರಪಿಂಡ ತೀವ್ರವಾಗಿ ಕೆಟ್ಟವರಲ್ಲಿ, ವಿಶೇಷವಾಗಿ ಡಯಾಲಿಸಿಸ್ ಪಡೆಯುವವರಲ್ಲಿ, ರಕ್ತದ ಕ್ಯಾಲ್ಸಿಯಂ ಪ್ರಾಣಾಪಾಯಕಾರಿಯಾಗಿ ಇಳಿಯಬಹುದು. ಈ ಕಾರಣಕ್ಕೆ 2024ರ ಜನವರಿಯಲ್ಲಿ ಅಮೆರಿಕದ ಅದೇ ಸಂಸ್ಥೆಯು ಔಷಧದ ಮಾಹಿತಿಪತ್ರದಲ್ಲಿ ಅತ್ಯುನ್ನತ ಮಟ್ಟದ ಚೌಕಟ್ಟಿನ ಎಚ್ಚರಿಕೆಯನ್ನು ಸೇರಿಸಿತು. ಬೆರಳು, ತುಟಿಗಳು ಜುಮುಗುಟ್ಟುವುದು, ಸ್ನಾಯು ಸೆಳೆತ, ಹೃದಯ ಬಡಿತದ ಏರುಪೇರು ಇದರ ಲಕ್ಷಣಗಳು. ಕ್ಯಾಲ್ಸಿಯಂ ಕೊರತೆಯನ್ನು ಸರಿಪಡಿಸಿದ ನಂತರವೇ ಚುಚ್ಚುಮದ್ದು ನೀಡಬೇಕು. ದವಡೆ ಮೂಳೆಯ ಕೊಳೆತ, ತೊಡೆಮೂಳೆಯ ಅಸಹಜ ಮುರಿತಗಳು ಅಪರೂಪವಾದರೂ ಸಂಭವಿಸಿವೆ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಈ ಮದ್ದಿನ ವಿಷಯ ತಿಳಿಸುವುದು ಕ್ಷೇಮ.

ವರ್ತಕರ ಹೊಣೆ

ಮೂಲ ಔಷಧದ ಜೊತೆಗೆ ಈಗ ಅದರ ಸದೃಶ ಜೈವಿಕ ಔಷಧಗಳೂ ಮಾರುಕಟ್ಟೆಗೆ ಬಂದಿವೆ. ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್‌ನ ಉತ್ಪನ್ನಕ್ಕೆ 2025ರಲ್ಲಿ ಅಮೆರಿಕದ ಅನುಮತಿ ದೊರೆತಿದೆ. ಪೈಪೋಟಿ ಹೆಚ್ಚಿದಂತೆ ಮಾರಾಟಗಾರರ ಜವಾಬ್ದಾರಿಯೂ ಹೆಚ್ಚುತ್ತದೆ.

ಈ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಬೇಕು, ಹೆಪ್ಪುಗಟ್ಟಿಸಬಾರದು, ಕುಲುಕಬಾರದು. ಮಾರಾಟದ ದಿನಾಂಕವನ್ನು ದಾಖಲಿಸಿ, ಮುಂದಿನ ಸರದಿಗೆ ಮುಂಚೆಯೇ ದಾಸ್ತಾನು ತರಿಸಿಟ್ಟರೆ ಗ್ರಾಹಕರ ಚಿಕಿತ್ಸೆ ಕಡಿಯುವುದಿಲ್ಲ. ಬೆಲೆಯನ್ನು ಕಂಡು ಹಿಂಜರಿದು ಚಿಕಿತ್ಸೆ ಬಿಡಲೆಣಿಸುವವರನ್ನು ಕೂಡಲೇ ವೈದ್ಯರ ಬಳಿ ಕಳುಹಿಸುವುದೂ ಔಷಧ ವರ್ತಕರ ಕರ್ತವ್ಯವೇ ಆಗಿದೆ.